ಕಾಟಾ ಮುಂದೆ ನಿಂತ ಗಾಡಿಗಳು

ನಿಧಾನವಾದ ಮನೆ ಕಂಪ್ಯೂಟರ್: ಕಾರಣ, ಮದ್ದು, ಖರ್ಚುಗಳ ಸಮೀಕ್ಷೆ

“ಕಂಪ್ಯೂಟರ್ ಭಾಳ ಸ್ಲೋ ಆಗ್ಯಾದ್ರಿ, ಏನ್ ಮಾಡ್ಬೇಕು?” ಬೀದರ ಸೀಮೆಯ ನಮ್ಮ ಹಳ್ಳಿಖೇಡ (ಬಿ)ಯಂಥ ಊರಿನಲ್ಲಿ ಈ ಪ್ರಶ್ನೆಗೆ ಮೂರು ಉತ್ತರಗಳು ಯಾವಾಗಲೂ ತಯಾರಿರುತ್ತವೆ. ರಿಪೇರಿ ಅಂಗಡಿಯವರು, “ಫಾರ್ಮ್ಯಾಟ್ ಹೊಡದ್ರ ಸರಿ ಆಗ್ತದ” ಅನ್ನುತ್ತಾರೆ. ಕಾಲೇಜಿಗೆ ಹೋಗುವ ಪಕ್ಕದ ಮನೆ ಹುಡುಗ, “ರ‍್ಯಾಮ್ ಹಾಕಸ್ರಿ ಕಾಕಾ” ಅನ್ನುತ್ತಾನೆ. ಹೈದರಾಬಾದಿನಲ್ಲಿ ನೌಕರಿ ಮಾಡುವ ಅಳಿಯ, “ಅದನ್ನ ಮೋಡಕಾಕ್ಕ ಹಾಕಿ ಹೊಸಾದು ತಗೋರಿ ಮಾಮಾ” ಎಂದು ಫೋನಿನಲ್ಲೇ ಮುಗಿಸುತ್ತಾನೆ; ಮೋಡಕಾ ಅಂದರೆ ಗುಜರಿ. ಮೂರೂ ಒಮ್ಮೊಮ್ಮೆ ಸರಿಯಾದ ಉತ್ತರಗಳೇ. ಆದರೆ ಮೂವರೂ ನಾಡಿ ಹಿಡಿಯುವ ಮೊದಲೇ ಔಷಧ ಹೇಳಿದವರು.

ನಮ್ಮ ಸೀಮೆಯವರಿಗೆ ಈ ವಿಷಯ ತಿಳಿಸಲು ಪುಸ್ತಕ ಬೇಕಿಲ್ಲ. ಊರ ಹತ್ತಿರದ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸಿದ ಹಂಗಾಮುಗಳನ್ನು ನೆನೆಸಿಕೊಂಡರೆ ಸಾಕು. ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದು ನಿಂತಿತೆಂದರೆ ಗಾಣ ಸಣ್ಣದೆಂದು ಹೇಳಲಾಗದು. ತೂಕದ ಕಾಟಾ ಒಂದೇ ಇರಬಹುದು, ಕಬ್ಬು ಇಳಿಸುವ ಕ್ರೇನ್ ಕೆಟ್ಟಿರಬಹುದು, ಅಂಗಳವೇ ತುಂಬಿರಬಹುದು. ಸಾಲು ಕಾಟಾದಲ್ಲಿ ಸಿಕ್ಕಿಕೊಂಡಿರುವಾಗ ಎರಡು ಪಟ್ಟು ದೊಡ್ಡ ಗಾಣ ತಂದು ಕೂಡಿಸಿದರೂ ಒಬ್ಬ ರೈತನೂ ಬೇಗ ಮನೆ ಸೇರುವುದಿಲ್ಲ.

ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಇದನ್ನೇ ಲೆಕ್ಕದ ಭಾಷೆಯಲ್ಲಿ ಹೇಳಿದ. ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ ಉಳಿತಾಯವಾಗುವುದು ಆ ಭಾಗ ತಿನ್ನುತ್ತಿದ್ದ ಸಮಯ ಮಾತ್ರ. ಒಂದು ಕಂಪ್ಯೂಟರ್ ಚಾಲೂ ಆಗಲು 120 ಸೆಕೆಂಡ್ ಬೇಕು, ಅದರಲ್ಲಿ 100 ಸೆಕೆಂಡ್ ಡಿಸ್ಕಿಗಾಗಿ ಕಾದದ್ದು, 20 ಸೆಕೆಂಡ್ ಪ್ರೊಸೆಸರ್ ದುಡಿದದ್ದು ಎಂದುಕೊಳ್ಳಿ. ಪ್ರೊಸೆಸರ್ ವೇಗ ಎರಡು ಪಟ್ಟಾದರೆ 110 ಸೆಕೆಂಡ್ ಆಗುತ್ತದೆ. ಡಿಸ್ಕ್ ಹತ್ತು ಪಟ್ಟು ಚುರುಕಾದರೆ 30 ಸೆಕೆಂಡಿಗೆ ಇಳಿಯುತ್ತದೆ. ಆದ್ದರಿಂದ ಕಿಸೆಗೆ ಕೈ ಹಾಕುವ ಮೊದಲು ಕೇಳಬೇಕಾದದ್ದು ಒಂದೇ: ಈ ಯಂತ್ರದೊಳಗೆ ಯಾವುದು ಯಾವುದಕ್ಕಾಗಿ ಕಾಯುತ್ತಿದೆ?

ಯಾವುದು ನಿಧಾನ?

ನಿಧಾನ ಅನ್ನುವುದು ಗಡಿಯಾರದ ವಿಷಯವಷ್ಟೇ ಅಲ್ಲ, ಮನಸ್ಸಿನ ವಿಷಯವೂ ಹೌದು. 1968ರಲ್ಲಿ ರಾಬರ್ಟ್ ಮಿಲ್ಲರ್ ಎಂಬಾತ ಯಂತ್ರ ಉತ್ತರಿಸುವ ಹೊತ್ತನ್ನು ಮನುಷ್ಯ ಹೇಗೆ ಸಹಿಸುತ್ತಾನೆಂದು ಬರೆದ. ಅಲ್ಲಿಂದ ಬಂದ ಮೂರು ಅಳತೆಗಳು ಇಂದಿಗೂ ಚಾಲ್ತಿಯಲ್ಲಿವೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ತಕ್ಷಣ ಬಂದಂತೆ ಅನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. ಹತ್ತು ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ, ಕೈ ಮೊಬೈಲ್ ಹುಡುಕುತ್ತದೆ. ಚಾಲೂ ಆಗಲು ಎರಡು ನಿಮಿಷ ತೆಗೆದುಕೊಳ್ಳುವ ಯಂತ್ರವನ್ನು ಸಹಿಸಬಹುದು, ಅಷ್ಟರಲ್ಲಿ ಚಹಾ ಆಗುತ್ತದೆ. ಒಂದೊಂದು ಕ್ಲಿಕ್ಕಿಗೂ ಮೂರು ಸೆಕೆಂಡ್ ಕಾಯಿಸುವ ಯಂತ್ರದ ಮುಂದೆ ಹತ್ತು ನಿಮಿಷ ಕೂರುವುದು ಕಷ್ಟ.

ಎರಡನೆಯ ಮಾತು: ದೂರು ಕಂಪ್ಯೂಟರ್ ಮೇಲಿದ್ದರೂ ತಪ್ಪು ಬೇರೆ ಕಡೆ ಇರಬಹುದು. ಅರ್ಜಿ ತುಂಬುವ ಕೊನೆಯ ದಿನ ಸರ್ವರ್ ಮೇಲೆ ನೂಕುನುಗ್ಗಲಾದರೆ ಮನೆಯ ಯಂತ್ರಕ್ಕೆ ಚಿನ್ನದ ರ‍್ಯಾಮ್ ಹಾಕಿದರೂ ಪುಟ ತೆರೆಯದು. ಪತ್ತೆ ಹಚ್ಚುವುದು ಸುಲಭ. ಅದೇ ಪುಟವನ್ನು ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಅಲ್ಲೂ ತಡವಾದರೆ ತಪ್ಪು ಸರ್ವರಿನದು. ಮೊಬೈಲ್ ಡೇಟಾದಲ್ಲಿ ಬೇಗ ಬಂದು ಮನೆಯ ವೈಫೈನಲ್ಲಿ ತಡವಾದರೆ ತಪ್ಪು ವೈಫೈದು. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟುವಷ್ಟರಲ್ಲಿ ವೈಫೈ ಅರ್ಧ ಜೀವ ಕಳೆದುಕೊಂಡಿರುತ್ತದೆ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ, 2.4 ಗಿಗಾಹರ್ಟ್ಸ್ ನಿಧಾನದ್ದು, ಆದರೆ ಒಳಕೋಣೆವರೆಗೆ ಮುಟ್ಟುತ್ತದೆ. ಮೀಟರಿಗಿಷ್ಟು ರೂಪಾಯಿಯ ಲ್ಯಾನ್ ಕೇಬಲ್ ಎಳೆದರೆ ಈ ತಂಟೆಯೇ ಇರುವುದಿಲ್ಲ.

ಮೂರನೆಯದು ಚಿಕ್ಕದು, ಆದರೆ ಬಹಳ ಜನರನ್ನು ಸತಾಯಿಸುತ್ತದೆ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲೆ ಸಿಆರ್ 2032 ಎಂಬ ಗುಂಡನೆಯ ಸೆಲ್ ಇರುತ್ತದೆ. ಅದು ತೀರಿದರೆ ಪ್ರತಿಸಲ ವಿದ್ಯುತ್ ಹೋಗಿ ಬಂದಾಗ ಯಂತ್ರದ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸುರಕ್ಷಿತ ಜಾಲತಾಣಗಳು ಪ್ರಮಾಣಪತ್ರದ ಅವಧಿ ಹೊಂದುತ್ತಿಲ್ಲವೆಂದು ತೆರೆಯಲು ಒಪ್ಪುವುದಿಲ್ಲ. ನೋಡುವವರಿಗೆ ಅದು “ನೆಟ್ ನಡೀವಲ್ದು” ಅನಿಸುತ್ತದೆ. ಮದ್ದು ಒಂದು ಸೆಲ್.

ಯಂತ್ರ ಅದೇ, ಹೊರೆ ಬೇರೆ

ಎಂಟು ವರ್ಷದ ಹಿಂದೆ ಓಡುತ್ತಿದ್ದ ಕಂಪ್ಯೂಟರ್ ಈಗ ಯಾಕೆ ತೆವಳುತ್ತದೆ? ಸಿಲಿಕಾನ್ ಚಿಪ್ಪಿಗೆ ಎತ್ತಿನಂತೆ ಮುಪ್ಪು ಬರುವುದಿಲ್ಲ. ಅಂದು ಸೆಕೆಂಡಿಗೆ ಎಷ್ಟು ಕೂಡಿಸಿ ಕಳೆಯುತ್ತಿತ್ತೋ ಇಂದೂ ಅಷ್ಟೇ ಮಾಡುತ್ತದೆ. ಹೆಚ್ಚಿದ್ದು ಗಾಡಿಯ ಮೇಲಿನ ಹೊರೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ‍್ಯಾಮ್ ಸಾಕಿತ್ತು. 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು. ಇಪ್ಪತ್ತು ವರ್ಷದಲ್ಲಿ 64 ಪಟ್ಟು. ಇಷ್ಟಾಗಿ ನಾವು ಮಾಡುವುದೇನು? ಪತ್ರ ಟೈಪ್ ಮಾಡುವುದು, ಫೋಟೋ ನೋಡುವುದು, ಅರ್ಜಿ ತುಂಬುವುದು. ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಒಂದು ಲೇಖನ ಬರೆದು ಎಚ್ಚರಿಸಿದ್ದ: ಯಂತ್ರಾಂಶ ವೇಗವಾಗುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ. ಆ ಮಾತಿಗೆ ವಿರ್ತ್ ನಿಯಮ ಎಂದೇ ಹೆಸರು ಬಿತ್ತು. ಚಿಪ್ಪಿನ ಸಾಮರ್ಥ್ಯ ಇಷ್ಟಿಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು 1965ರಲ್ಲಿ ಗಾರ್ಡನ್ ಮೂರ್ ಗುರುತಿಸಿದ ಗಳಿಕೆಯನ್ನೆಲ್ಲ ತಂತ್ರಾಂಶ ಕುಳಿತಲ್ಲೇ ಉಣ್ಣುತ್ತಿದೆ.

ಹಾಗಂತ ಪ್ರೊಸೆಸರ್ ಯಾವತ್ತೂ ನಿಧಾನವಾಗುವುದೇ ಇಲ್ಲ ಎನ್ನಲಾಗದು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಯಲಾದವು. ಮುಂದಿನ ಕೆಲಸವನ್ನು ಊಹಿಸಿ ಮೊದಲೇ ಮಾಡಿಟ್ಟುಕೊಳ್ಳುವ ಪ್ರೊಸೆಸರಿನ ಜಾಣತನದಲ್ಲೇ ಕಳ್ಳ ನುಸುಳುವ ಸಂದಿ ಇತ್ತು. ಆ ಸಂದಿ ಮುಚ್ಚಿದ ಅಪ್‌ಡೇಟುಗಳು ಹಳೆಯ ಯಂತ್ರಗಳ ವೇಗವನ್ನು ಅಷ್ಟಿಷ್ಟು ತಿಂದವು. ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದರೆ ತೆರೆಯುವುದು ತುಸು ತಡ. ಆ ತಡ ಸಹಿಸಬೇಕಾದದ್ದೇ.

ಮೊದಲು ನಾಲ್ಕು ಅಂಕಿ

ನಾಡಿ ನೋಡುವ ಉಪಕರಣ ಪ್ರತಿ ವಿಂಡೋಸ್ ಯಂತ್ರದಲ್ಲೂ ಪುಕ್ಕಟೆ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 8ರಿಂದೀಚೆಗೆ ಅಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ನಾಲ್ಕು ಕಂಬಸಾಲು, ಪ್ರತಿಯೊಂದರ ತಲೆ ಮೇಲೆ ಒಂದು ಶೇಕಡಾ ಅಂಕಿ. ಯಂತ್ರ ಯಾವಾಗ ಸತಾಯಿಸುತ್ತದೋ ಅದೇ ಹೊತ್ತಿನಲ್ಲಿ ಐದು ನಿಮಿಷ ಇದನ್ನು ನೋಡುತ್ತ ಕುಳಿತರೆ ಸಾಲು ಎಲ್ಲಿ ನಿಂತಿದೆಯೆಂದು ಕಾಣುತ್ತದೆ. ಡಿಸ್ಕ್ 100ಕ್ಕೆ ಅಂಟಿಕೊಂಡು ಪ್ರೊಸೆಸರ್ 10ರಲ್ಲಿ ಆಕಳಿಸುತ್ತಿದ್ದರೆ ಕಾಟಾ ಸಿಕ್ಕಿತು. ಮೆಮೊರಿ 90 ದಾಟಿದ್ದರೆ ಅಂಗಳ ತುಂಬಿದೆ. ಏನೂ ಮಾಡದೆ ಬಿಟ್ಟಾಗಲೂ ಪ್ರೊಸೆಸರ್ 100ರಲ್ಲಿದ್ದರೆ ಯಾರೋ ಕದ್ದು ಗಾಣ ತಿರುಗಿಸುತ್ತಿದ್ದಾರೆ.

ಇದೇ ಕಿಟಕಿಯಲ್ಲಿ, ವಿಂಡೋಸ್ 8ರಿಂದೀಚೆಗೆ, ಸ್ಟಾರ್ಟಪ್ ಎಂಬ ಪಟ್ಟಿಯೂ ಇದೆ. ಯಂತ್ರ ಚಾಲೂ ಆದಕೂಡಲೆ ಕರೆಯದೆ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿ ಅದು. ಪ್ರಿಂಟರ್ ಸಹಾಯಕ, ಹಾಡಿನ ಆಪ್, ಗೇಮ್ ಲಾಂಚರ್, ಎಂದೋ ಹಾಕಿ ಮರೆತ ಡೌನ್‌ಲೋಡರ್. ಮದುವೆ ಊಟಕ್ಕೆ ಕರೆಯದೆ ಬಂದವರೂ ಎಲೆ ಮುಂದೆ ಕುಳಿತರೆ ಬಡಿಸುವವನ ಗತಿ ಏನು? ಆಂಟಿವೈರಸ್, ಟಚ್‌ಪ್ಯಾಡ್, ಸೌಂಡ್ ಇವುಗಳನ್ನು ಬಿಟ್ಟು ಉಳಿದವನ್ನು ಡಿಸೇಬಲ್ ಮಾಡಬಹುದು. ಅವು ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುತ್ತವೆ. ಹತ್ತು ನಿಮಿಷದ ಈ ಪುಕ್ಕಟೆ ಕೆಲಸ ಮಾಡದೆ ಅಂಗಡಿಗೆ ಹೋಗಬಾರದು.

ಇನ್ನೊಂದು ಪುಕ್ಕಟೆ ಕೆಲಸ ರೀಸ್ಟಾರ್ಟ್. ಯಂತ್ರವನ್ನು ದಿನಾ ಬಂದ್ ಮಾಡುತ್ತೇನಲ್ಲ ಎಂದು ಕೇಳಬಹುದು. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ವ್ಯವಸ್ಥೆಯಲ್ಲಿ ಶಟ್‌ಡೌನ್ ಮಾಡಿದರೆ ಯಂತ್ರ ಪೂರ್ತಿ ಮಲಗುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ಗೋಜಲು ಇವತ್ತಿಗೂ ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಅದು ಮುಖ ತೊಳೆದು ಹೊಸದಾಗಿ ಏಳುತ್ತದೆ. ವಾರಕ್ಕೊಮ್ಮೆ ಇದು ಆಗಬೇಕು.

ಡಿಸ್ಕ್: ಒಂದು ಕಬ್ಬಿನ ಬೆಳೆಯಷ್ಟು ಕಾಯುವಿಕೆ

ಹತ್ತು ವರ್ಷದಾಚೆಯ ಮನೆ ಕಂಪ್ಯೂಟರುಗಳಲ್ಲಿ ಕಾಟಾ ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ಹಾರ್ಡ್ ಡಿಸ್ಕಿನಲ್ಲೇ. ಅದರೊಳಗೆ ತಿರುಗುವ ತಟ್ಟೆಗಳಿವೆ, ಗ್ರಾಮೋಫೋನಿನಂತೆ ಅತ್ತಿತ್ತ ಓಡಾಡುವ ಒಂದು ಕೈ ಇದೆ. ಲ್ಯಾಪ್‌ಟಾಪ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಡೆಸ್ಕ್‌ಟಾಪಿನದು 7200 ಸುತ್ತು. ಬೇಕಾದ ಅಕ್ಷರ ಕೈಯಡಿ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಕೈ ಜಾಗಕ್ಕೆ ಸರಿಯಬೇಕು. ಎರಡೂ ಸೇರಿ ಸುಮಾರು 10 ಮಿಲಿಸೆಕೆಂಡ್.

ಹತ್ತು ಮಿಲಿಸೆಕೆಂಡ್ ಎಷ್ಟು ದೊಡ್ಡದೆಂದು ಪ್ರೊಸೆಸರಿನ ಕಡೆಯಿಂದ ನೋಡಬೇಕು. 3 ಗಿಗಾಹರ್ಟ್ಸ್ ಪ್ರೊಸೆಸರಿನ ಹೃದಯ ಸೆಕೆಂಡಿಗೆ 300 ಕೋಟಿ ಸಲ ಬಡಿಯುತ್ತದೆ. ಅದರ ಒಂದು ಬಡಿತವನ್ನು ನಮ್ಮ ಒಂದು ಸೆಕೆಂಡ್ ಎಂದು ಹಿಗ್ಗಿಸಿ ನೋಡೋಣ. ಆಗ ರ‍್ಯಾಮಿನಿಂದ ಒಂದು ಮಾಹಿತಿ ತರಲು ಸುಮಾರು ಐದು ನಿಮಿಷ. ತಟ್ಟೆಯ ಬದಲು ಚಿಪ್ಪಿನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಿಂದ ತರಲು ಮೂರೂವರೆ ದಿನ. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಸುಮಾರು 347 ದಿನ: ಕಬ್ಬು ನಾಟಿ ಮಾಡಿ ಕಡಿಯುವಷ್ಟು ಹೊತ್ತು. ವಿಂಡೋಸ್ ಚಾಲೂ ಆಗುವಾಗ ಸಾವಿರಾರು ಸಣ್ಣ ಸಣ್ಣ ಕಡತಗಳನ್ನು ಓದುತ್ತದೆ. ಅಂದರೆ ಸಾವಿರಾರು ಬೆಳೆ.

ಇದೂ ಸಾಕಷ್ಟು ಸುಧಾರಿಸಿದ ಮೇಲಿನ ಕತೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕ್ ರ‍್ಯಾಮ್ಯಾಕ್‌ನಲ್ಲಿ ಎರಡಡಿ ಅಗಲದ 50 ತಟ್ಟೆಗಳು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಒಟ್ಟು ಹಿಡಿಯುತ್ತಿದ್ದದ್ದು 5 ಎಂಬಿಯಷ್ಟು ಮಾತ್ರ, ಈಗಿನ ಒಂದು ಮೊಬೈಲ್ ಫೋಟೋ. ಅಲ್ಲಿಂದೀಚೆಗೆ ಡಿಸ್ಕಿನ ಹೊಟ್ಟೆ ಲಕ್ಷಗಟ್ಟಲೆ ಪಟ್ಟು ಬೆಳೆಯಿತು. ಮನೆ ಡಿಸ್ಕಿನ ಸುತ್ತು ಬೆಳೆದದ್ದು ಆರೇ ಪಟ್ಟು. ತಿರುಗುವ ಲೋಹಕ್ಕೆ ಒಂದು ಮಿತಿ ಇದೆ.

ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಹಾಗಾಗಿ ಹಳೆಯ ಯಂತ್ರಕ್ಕೆ ಹಣ ಹಾಕುವುದೊಂದೇ ಬಾರಿ ಸಾಧ್ಯವೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಎಸ್‌ಎಸ್‌ಡಿಗೇ ಹೋಗಬೇಕು. “ನನ್ನ ಯಂತ್ರದ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಹಳೆಯದು, ಪೂರ್ತಿ ವೇಗ ಬರೋದಿಲ್ಲಂತ” ಎಂಬ ಅಳುಕು ಬೇಡ. ಹಳೆಯ ಪೋರ್ಟಿನಲ್ಲಿ ದೊಡ್ಡ ಸಿನಿಮಾ ಕಾಪಿ ಮಾಡುವ ವೇಗ ಅರ್ಧಕ್ಕಿಳಿಯಬಹುದು. ಸಣ್ಣ ಕಡತ ಹುಡುಕುವ ಚುರುಕು ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ, ನಮಗೆ ಬೇಕಾದದ್ದು ಅದೇ. ಲ್ಯಾಪ್‌ಟಾಪಿನಲ್ಲಿ ಬಳಕೆ ತಪ್ಪಿದ ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು, ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಳೆಯ ಹಾರ್ಡ್ ಡಿಸ್ಕನ್ನು ಅಲ್ಲೇ ಕೂಡಿಸಬಹುದು. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಮದುವೆ ಫೋಟೋಗಳು ಹಳೆಯದರಲ್ಲಿ.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ವಾರದೊಳಗೆ ನಿಧಾನವಾಗಿ, ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದು ವೇಗದ ಪ್ರಶ್ನೆಯಲ್ಲ, ಡಿಸ್ಕ್ ಕೊನೆಯುಸಿರು ಎಳೆಯುತ್ತಿದೆ. ಕೆಟ್ಟ ಜಾಗವನ್ನು ಓದಲು ಮತ್ತೆ ಮತ್ತೆ ತಿಣುಕುವುದರಿಂದಲೇ ಆ ತಡ. ಆಗ ಮಾಡಬೇಕಾದ ಮೊದಲ ಕೆಲಸ ಬೇಕಾದದ್ದನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಡುವುದು. “ಡಿ ಡ್ರೈವ್‌ನ್ಯಾಗ ಇಟ್ಟೀನಲ್ಲ” ಎಂಬ ಸಮಾಧಾನ ಹುಸಿ. ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆ ಬಿದ್ದರೆ ಎರಡೂ ಬೀಳುತ್ತವೆ.

ರ‍್ಯಾಮ್: ಹಾಸಿಗೆ ಇದ್ದಷ್ಟು ಕಾಲು

ರ‍್ಯಾಮ್ ಎಂದರೆ ಕೆಲಸಕ್ಕೆ ಹರಡಿಕೊಳ್ಳುವ ಮೇಜು. ಮೇಜು ತುಂಬಿದರೆ ವಿಂಡೋಸ್ ಕೆಲವು ಕಾಗದ ಎತ್ತಿ ಡಿಸ್ಕಿನಲ್ಲಿಟ್ಟು ಜಾಗ ಮಾಡಿಕೊಳ್ಳುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಈ ಉಪಾಯ 1962ರ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಷ್ಟು ಹಳೆಯದು. ಅತಿಯಾದರೆ ಯಂತ್ರ ಇಡುವುದು, ತರುವುದು ಇದರಲ್ಲೇ ದಿನ ಕಳೆಯುತ್ತದೆ, ಕೆಲಸ ಸಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬ್ರೌಸರ್ ತಯಾರಿಸುವವರ ಕಿವಿಗೆ ಬಿದ್ದಿಲ್ಲ. 2008ರಲ್ಲಿ ಬಂದ ಕ್ರೋಮ್ ಟ್ಯಾಬುಗಳನ್ನು ಬೇರೆ ಬೇರೆ ಒಲೆಯಲ್ಲಿ ಬೇಯಿಸುವ ಪದ್ಧತಿ ತಂದಿತು. ಒಂದು ಸೀದರೆ ಇನ್ನೊಂದು ಉಳಿಯುತ್ತದೆ, ಆದರೆ ಕಟ್ಟಿಗೆ ಹೆಚ್ಚು ಬೇಕು. ಇಪ್ಪತ್ತು ಟ್ಯಾಬ್ ತೆರೆದು 4 ಜಿಬಿ ಯಂತ್ರವನ್ನು ಬೈಯುವುದು ನ್ಯಾಯವಲ್ಲ.

ಇಂದಿನ ಮನೆ ಬಳಕೆಗೆ 8 ಜಿಬಿ ನೆಮ್ಮದಿ, 4 ಜಿಬಿ ಬಿಗಿ. ಆದರೆ ರ‍್ಯಾಮ್ ಕೊಳ್ಳುವ ಮೊದಲು ಮೂರು ವಿಷಯ ನೋಡಬೇಕು. ಒಂದು, ವಿಂಡೋಸ್ 32 ಬಿಟ್‌ದೋ 64 ಬಿಟ್‌ದೋ. ಮನೆ ಬಳಕೆಯ 32 ಬಿಟ್ ವಿಂಡೋಸ್ 4 ಜಿಬಿ ಮೀರಿ ಎಣಿಸಲಾರದು. 8 ಹಾಕಿದರೆ ಉಳಿದದ್ದು ಶೋಕಿಗೆ. ಎರಡು, ಡಿಡಿಆರ್2, ಡಿಡಿಆರ್3, ಡಿಡಿಆರ್4 ಇವುಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ತೂತಿಗೆ ಇನ್ನೊಂದು ಕೂರದು. ಮೂರು, ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಏನೂ ಮಾಡಲಾಗದು. ಇನ್ನು ಬೆಲೆ: ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಳ್ಳತೊಡಗಿದ ಮೇಲೆ, 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಜಿಗಿದಿದೆ. ಹಳೆಯ ಯಂತ್ರದವರಿಗೆ ಸೆಕೆಂಡ್ ಹ್ಯಾಂಡ್ ಡಿಡಿಆರ್3 ಇನ್ನೂ ಕೈಗೆಟುಕುವ ದಾರಿ. ಬೀದರ ಸೀಮೆಯವರಿಗೆ ಬೆಂಗಳೂರಿನ ಎಸ್.ಪಿ. ರೋಡ್ ದೂರ, ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಹೋಗುವಾಗ ಹಳೆಯ ರ‍್ಯಾಮ್ ಕಡ್ಡಿಯನ್ನೇ ಕಿಸೆಯಲ್ಲಿಟ್ಟುಕೊಂಡು ಹೋದರೆ ತಪ್ಪು ಮಾಲು ಬರುವುದಿಲ್ಲ.

ಧೂಳು, ಬಿಸಿಲು, ಕರೆಂಟು

ಊರೂರಿಗೆ ಬೇರೆಯಾಗುವ ಕಾರಣ ಇದು. ತಂಪು ದೇಶಗಳಲ್ಲಿ ಬರೆದ ಸಲಹೆಗಳಲ್ಲಿ ಇದಕ್ಕೆ ಒಂದು ಸಾಲು. ನಮ್ಮ ಕಡೆ ಒಂದು ಅಧ್ಯಾಯವೇ ಬೇಕು. ಬೀದರ ಸೀಮೆಯ ಕೆಂಪು ಧೂಳು ಕಿಟಕಿ ಮುಚ್ಚಿದರೂ ಬರುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಫ್ಯಾನ್ ಹಿಂದಿನ ಲೋಹದ ಹಲ್ಲುಗಳ ನಡುವೆ ಕಂಬಳಿಯಂಥ ಪದರ ಕಟ್ಟುತ್ತದೆ. ಹೊರಗೆ 40 ಡಿಗ್ರಿ ಆಚೀಚೆಯ ಏಪ್ರಿಲ್, ಮೇ ತಿಂಗಳಲ್ಲಿ ಒಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲ. ಪ್ರೊಸೆಸರ್ ಸುಮಾರು 100 ಡಿಗ್ರಿ ಹತ್ತಿರ ಬಂದರೆ ಸುಟ್ಟುಹೋಗದಂತೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನ ನಿಧಾನ, ನಸುಕಿನಲ್ಲಿ ಚುರುಕು ಎಂದರೆ ಇದೇ ರೋಗ.

ಮದ್ದು ಅಗ್ಗ. ಪ್ಲಗ್ ಕಿತ್ತು, ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರ್ ಅಥವಾ ಒಣ ಬ್ರಷ್‌ನಿಂದ ಧೂಳು ತೆಗೆಯುವುದು. ನಾಲ್ಕೈದು ವರ್ಷ ದಾಟಿದ್ದರೆ ಪ್ರೊಸೆಸರ್ ಮತ್ತು ಲೋಹದ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ, ಹೊಸದನ್ನು ಹಚ್ಚಿಸಬೇಕು. ಲ್ಯಾಪ್‌ಟಾಪನ್ನು ಗಾದಿ, ದಿಂಬಿನ ಮೇಲಿಟ್ಟು ನೋಡುವುದು ಅದರ ಮೂಗು ಮುಚ್ಚಿದಂತೆ. ಮೂಲ ಚಾರ್ಜರ್ ಕೆಟ್ಟು ಯಾವುದೋ ಚಾರ್ಜರ್ ಹಾಕಿದ್ದರೆ ಅದನ್ನೂ ನೋಡಬೇಕು. ಕೆಲವು ಲ್ಯಾಪ್‌ಟಾಪುಗಳು ಗುರುತಿಲ್ಲದ ಚಾರ್ಜರ್ ಕಂಡರೆ ಪ್ರೊಸೆಸರ್ ವೇಗವನ್ನೇ ತಗ್ಗಿಸುತ್ತವೆ.

ಕರೆಂಟ್ ವಿಷಯ ಡೆಸ್ಕ್‌ಟಾಪಿನವರಿಗೆ ಗೊತ್ತು. ಬರೆಯುತ್ತಿರುವಾಗ ಕರೆಂಟ್ ಹೋದರೆ ಹಾರ್ಡ್ ಡಿಸ್ಕಿನ ಕಡತ ಅರ್ಧಕ್ಕೆ ನಿಲ್ಲುತ್ತದೆ. ಪದೇ ಪದೇ ಆದರೆ ವಿಂಡೋಸಿನ ಕಡತಗಳೇ ಗೋಜಲಾಗಿ ಚಾಲೂ ಆಗುವುದು ತಡವಾಗುತ್ತದೆ. ಹತ್ತು ನಿಮಿಷ ತಡೆಯುವ ಯುಪಿಎಸ್ ವೇಗ ಹೆಚ್ಚಿಸುವುದಿಲ್ಲ, ಇರುವ ವೇಗವನ್ನು ಕಾಯುತ್ತದೆ. ಅದರ ಬ್ಯಾಟರಿ ಸತ್ತು ವರ್ಷವಾಗಿದ್ದರೆ ಅದು ಬರೀ ಬೀಪ್ ಅನ್ನುವ ಡಬ್ಬಿ.

ಪೆನ್‌ಡ್ರೈವ್ ತಂದ ನೆಂಟರು

ಝೆರಾಕ್ಸ್ ಅಂಗಡಿ, ಫೋಟೋ ಸ್ಟುಡಿಯೊ, ಕಾಲೇಜು ಲ್ಯಾಬ್ ಸುತ್ತಿ ಬಂದ ಪೆನ್‌ಡ್ರೈವ್ ಹತ್ತು ಮನೆ ನೀರು ಕುಡಿದು ಬಂದದ್ದು. ಫೋಲ್ಡರುಗಳೆಲ್ಲ ಮಾಯವಾಗಿ ಶಾರ್ಟ್‌ಕಟ್‌ಗಳಾಗಿ ಕಾಣುವ ವೈರಸ್ ಕಂಡಿರದವರು ಕಡಿಮೆ. ಈಗಿನವು ಇನ್ನೂ ಜಾಣ. ನಿಮ್ಮ ಪ್ರೊಸೆಸರಿನಲ್ಲಿ ತಮ್ಮ ಮಾಲೀಕನಿಗೆ ಕ್ರಿಪ್ಟೋ ನಾಣ್ಯ ಅಗೆಯುತ್ತವೆ. ಕರೆಂಟ್ ಬಿಲ್ ನಿಮ್ಮದು, ಗಳಿಕೆ ಅವನದು. ಪುಕ್ಕಟೆ ವಿಂಡೋಸ್ ಸಿಗುತ್ತದೆಂದು ಹಾಕುವ ಕ್ರ್ಯಾಕ್ ಪ್ರೋಗ್ರಾಮುಗಳಲ್ಲಿ ಇಂಥವು ಅವಿತಿರುವುದು ಸಾಮಾನ್ಯ.

ಪರಿಹಾರದಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಆಂಟಿವೈರಸ್ ಇಲ್ಲದೆ ಬಿಡುವುದು. ಎರಡು, ಹೆದರಿ ಎರಡೆರಡು ಹಾಕುವುದು. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು ನಿಂತರೆ ಬಂದವರನ್ನು ಎರಡು ಸಲ ತಪಾಸಣೆ ಮಾಡುತ್ತಾರೆ, ತಮ್ಮತಮ್ಮಲ್ಲೂ ಜಗಳಾಡುತ್ತಾರೆ. ವಿಂಡೋಸ್ 10, 11ರ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು. ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ವೈರಸ್ ತೆಗೆಯುವ ಉಚಿತ ಸಾಧನಗಳಿವೆ.

ಹುಸಿ ಮದ್ದುಗಳು

ಒಂದೇ ಕ್ಲಿಕ್ಕಿಗೆ ಯಂತ್ರ ಹಾರುವಂತೆ ಮಾಡುತ್ತೇವೆಂದು ಜಾಹೀರಾತು ಕೊಡುವ ಬೂಸ್ಟರುಗಳು ಸಂತೆಯ ತೈಲದವನ ಮೊಮ್ಮಕ್ಕಳು. ರ‍್ಯಾಮ್ ಖಾಲಿ ಮಾಡುವ ಪ್ರೋಗ್ರಾಮು ಮೇಜಿನ ಮೇಲಿನ ಕಾಗದವನ್ನು ಡಿಸ್ಕಿಗೆ ನೂಕಿ “ಖಾಲಿ ಮಾಡಿದೆ” ಅನ್ನುತ್ತದೆ; ಮರುಕ್ಷಣ ನೀವು ಅದನ್ನೇ ಮತ್ತೆ ತರಿಸುತ್ತೀರಿ. ರಿಜಿಸ್ಟ್ರಿ ಕ್ಲೀನರ್ ತೆಗೆಯುವ ಸಾಲುಗಳಿಂದ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುವುದಿಲ್ಲ. ತಪ್ಪು ಸಾಲು ತೆಗೆದರೆ ಯಂತ್ರವೇ ಏಳುವುದಿಲ್ಲ. 2017ರಲ್ಲಿ ಜನಪ್ರಿಯ ಸ್ವಚ್ಛತಾ ಪ್ರೋಗ್ರಾಮು ಸಿಕ್ಲೀನರ್‌ನ ಒಂದು ಆವೃತ್ತಿಯೊಳಗೇ ಕಳ್ಳರು ವಿಷ ಬೆರೆಸಿ, ಅದು 20 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಹೋಗಿತ್ತು. ಕಸಬರಿಗೆಯಲ್ಲೇ ಚೇಳು.

ಡಿಫ್ರಾಗ್ ಬೇರೆ ಜಾತಿಯದು. ಅದು ಒಂದು ಕಾಲದ ನಿಜವಾದ ಮದ್ದು. ತಿರುಗುವ ಡಿಸ್ಕಿನಲ್ಲಿ ಚದುರಿದ ಕಡತವನ್ನು ಒಟ್ಟುಗೂಡಿಸಿದರೆ ಕೈ ಓಡಾಡುವುದು ಕಡಿಮೆಯಾಗುತ್ತದೆ. ವಿಸ್ಟಾದಿಂದೀಚೆಗೆ ವಿಂಡೋಸ್ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಎಸ್‌ಎಸ್‌ಡಿಯಲ್ಲಿ ಕೈಯೇ ಇಲ್ಲ. ಅಲ್ಲಿ ಡಿಫ್ರಾಗ್ ಮಾಡಿದರೆ ಸವೆತ ಮಾತ್ರ ಲಾಭ. ಡಿಸ್ಕ್ ಕಂಠಮಟ್ಟ ತುಂಬಿದ್ದರೆ ಮಾತ್ರ ಖಾಲಿ ಮಾಡುವುದು ಖಂಡಿತ ಫಲ ಕೊಡುತ್ತದೆ. ಐದರಲ್ಲಿ ಒಂದು ಪಾಲು ಬಿಡುವಿರಲಿ.

ಫಾರ್ಮ್ಯಾಟ್ ಹೊಡೆಯುವುದು ಹುಸಿಯೂ ಅಲ್ಲ, ಸಂಜೀವಿನಿಯೂ ಅಲ್ಲ. ವರ್ಷಗಳ ಕಸ, ವೈರಸ್ ಎಲ್ಲ ಒಮ್ಮೆಗೆ ಹೋಗುತ್ತದೆ, ನಿಜ. ಆದರೆ ಡಿಸ್ಕ್ ಅದೇ, ರ‍್ಯಾಮ್ ಅದೇ. ಎರಡು ತಿಂಗಳು ಚುರುಕಾಗಿದ್ದು ಅಪ್‌ಡೇಟ್‌ಗಳೆಲ್ಲ ಬಂದ ಮೇಲೆ ಯಂತ್ರ ಹಳೆಯ ನಡಿಗೆಗೆ ಬರುತ್ತದೆ. ಎಸ್‌ಎಸ್‌ಡಿ ಹಾಕಿಸುವ ದಿನವೇ ಹೊಸ ವಿಂಡೋಸ್ ಹಾಕಿಸಿದರೆ ಎರಡು ಕೆಲಸ ಒಂದೇ ಕೂಲಿಯಲ್ಲಿ ಮುಗಿಯುತ್ತದೆ. ಅದಕ್ಕೂ ಮೊದಲು ಡೆಸ್ಕ್‌ಟಾಪ್ ಮೇಲಿನ ಕಡತ, ಟ್ಯಾಲಿ ಲೆಕ್ಕ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಕನ್ನಡ ಫಾಂಟುಗಳನ್ನು ತೆಗೆದಿಟ್ಟದ್ದು ಖಾತ್ರಿ ಆಗಬೇಕು.

ಕನ್ನಡದ ಗಂಟು

ಫಾಂಟಿನ ಮಾತು ಬಂತಲ್ಲ, ಅದು ನಮ್ಮದೇ ಒಂದು ತೊಡಕು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಕನ್ನಡ ಟೈಪಿಂಗ್ ಮನೆಮನೆಗೆ ಮುಟ್ಟಿತು. ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿ ಎಲ್ಲ ಪೇಜ್‌ಮೇಕರ್ ಮತ್ತು ಹಳೆಯ ಆಸ್ಕಿ ಫಾಂಟುಗಳಲ್ಲಿ ತಯಾರಾದವು. ಆ ಕಡತ ತೆರೆಯಲು ಆ ಫಾಂಟೇ ಬೇಕು, ಆ ಪೇಜ್‌ಮೇಕರ್ ಹಳೆಯ ವಿಂಡೋಸಿನಲ್ಲೇ ನೆಟ್ಟಗೆ ನಡೆಯುವುದು. ಹೀಗಾಗಿ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಎಕ್ಸ್‌ಪಿ ಯಂತ್ರವೊಂದು ಮೂಲೆಯಲ್ಲಿ ಇನ್ನೂ ಗೊರಗುಡುತ್ತಿರುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಅಂಥ ಯಂತ್ರಕ್ಕೆ ನೆಟ್ ಕಿತ್ತುಹಾಕಿ ಬರೀ ಟೈಪಿಂಗಿಗೆ ಇಟ್ಟರೆ ಆಂಟಿವೈರಸ್, ಅಪ್‌ಡೇಟ್ ಹೊರೆ ಇಲ್ಲದೆ ಅದು ಹಗುರಾಗಿ ಓಡುತ್ತದೆ. ಹೊಸ ಬರವಣಿಗೆಯನ್ನು ಯೂನಿಕೋಡ್‌ಗೆ ತರುವುದು, ಹಳೆಯದನ್ನು ಪರಿವರ್ತಕದಿಂದ ಬದಲಿಸಿಕೊಳ್ಳುವುದು ಶಾಶ್ವತ ದಾರಿ.

2025ರ ನಂತರದ ಪ್ರಶ್ನೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟನ್ನು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಇಂಟೆಲ್ ಆದರೆ ಹೆಚ್ಚು ಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್. ಅದಕ್ಕಿಂತ ಹಿಂದಿನವು, ಎಸ್‌ಎಸ್‌ಡಿ ಹಾಕಿಸಿಕೊಂಡು ಚಿಗರೆಯಂತೆ ಓಡುತ್ತಿದ್ದರೂ, ಬಾಗಿಲಾಚೆಗೇ ಉಳಿದವು. ಇಲ್ಲಿ ನಿಧಾನದ ಪ್ರಶ್ನೆಯೇ ಇಲ್ಲ, ಕಂಪನಿ ಹಾಕಿದ ಗೆರೆಯ ಪ್ರಶ್ನೆ.

ಅಂಥ ಯಂತ್ರಕ್ಕೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಒಳ್ಳೆಯ ಆಸರೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಲುಬುಂಟು ಮುಂತಾದವು ಹಗುರ, ಉಚಿತ; ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಿಗೆ ಕನ್ನಡ ಮುಖವೂ ಇದೆ. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಹಿಡಿಸಿದರೆ ಮಾತ್ರ ಹಾಕಿಕೊಳ್ಳಬಹುದು. ಆದರೆ ಎಲ್ಲರಿಗೂ ಇದು ಒಗ್ಗುವುದಿಲ್ಲ. ಆನ್‌ಲೈನ್ ಅಂಗಡಿಯ ಬೆರಳಗುರುತು ಓದುವ ಯಂತ್ರ, ಡಿಜಿಟಲ್ ಸಹಿಯ ಡಾಂಗಲ್, ಟ್ಯಾಲಿ, ಕೆಲವು ಪ್ರಿಂಟರುಗಳು ವಿಂಡೋಸನ್ನೇ ಕೇಳುತ್ತವೆ. ಓದುವ ಮಕ್ಕಳಿರುವ ಮನೆಗೆ ಸರಿ. ವಹಿವಾಟಿನ ಮೇಜಿಗೆ ಯೋಚಿಸಿ.

ಹಾಗಾದರೆ ಹೊಸದು ಯಾವಾಗ? ಮದರ್‌ಬೋರ್ಡ್ ಕೆಟ್ಟಾಗ, ರ‍್ಯಾಮ್, ಡಿಸ್ಕ್ ಎರಡೂ ಬೋರ್ಡಿಗೆ ಬೆಸೆದಿದ್ದು ಎರಡೂ ಸಾಲದಾದಾಗ, ವಿಡಿಯೊ ಎಡಿಟಿಂಗಿನಂಥ ಹೊಸ ಕೆಲಸ ಹಿಡಿದು ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಅಂಕಿ ಇಳಿಯದೇ ಇದ್ದಾಗ. ಆಗ ಮಾತ್ರ ಗಾಣವೇ ಸಣ್ಣದು. ಹಳೆಯದನ್ನು ಬಿಡುವಾಗ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಬೇಕು, ಅದರಲ್ಲಿ ನಿಮ್ಮ ಆಧಾರ್, ಪಹಣಿ, ಫೋಟೋಗಳ ನೆರಳಿದೆ. ಉಳಿದದ್ದು ಮೋಡಕಾ ಗಾಡಿಗಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ತಂತಿ ಸುಟ್ಟು ತಾಮ್ರ ತೆಗೆದರೆ ಸೀಸದ ಹೊಗೆ ಓಣಿಗೇ ಉಳಿಯುತ್ತದೆ.

ನಮ್ಮೂರ ಹೆಸರಿನ ಕೊನೆಯ (ಬಿ) ಬುಜುರ್ಗ್ ಎಂಬ ಫಾರ್ಸಿ ಮಾತಿನದು: ಹಿರಿಯ. ಇನ್ನೊಂದು ಹಳ್ಳಿಖೇಡ (ಕೆ), ಖುರ್ದ್, ಅಂದರೆ ಕಿರಿಯ. ಬುಜುರ್ಗರಿರುವ ಮನೆಯಲ್ಲಿ ಅವರ ಕೈಗೆ ನೇಗಿಲು ಕೊಡುವುದಿಲ್ಲ, ಹಾಗೆಂದು ಹೊರಗೂ ಕಳಿಸುವುದಿಲ್ಲ; ಕಣದ ಕಾವಲು ಅವರಿಗೆ. ಎಸ್‌ಎಸ್‌ಡಿ ಹಾಕಿಸಿಕೊಂಡ ಹತ್ತು ವರ್ಷದ ಯಂತ್ರವೂ ಮನೆಯ ಫೋಟೋ, ಹಾಡು, ಮಕ್ಕಳ ಟೈಪಿಂಗ್ ಕಾಯುತ್ತ ಇನ್ನೂ ನಾಲ್ಕು ಹಂಗಾಮು ಕಳೆದೀತು. ಈ ಭಾನುವಾರ ಅಳಿಯನಿಗೆ ಫೋನ್ ಮಾಡುವ ಮೊದಲು ಆ ಮೂರು ಕೀ ಒತ್ತಿ ಐದು ನಿಮಿಷ ಕುಳಿತು ನೋಡಿ. ಕಾಟಾ ಎಲ್ಲಿದೆಯೆಂದು ಅದೇ ಹೇಳುತ್ತದೆ.